ಯಾಯೆಲ್ ಹೇಳಿಕೊಟ್ಟ ಬಿಡಾರದ ಮಾತು

ಮೊನ್ನೆ ಸಾರನಾಥದಲ್ಲಿ ಯಾತ್ರಿಕರಿಗೆಂದು ಹಾಕಿದ್ದ ಡೇರೆಗಳನ್ನು ಬಿಚ್ಚಿ ಬಿಸಿಲಿಗೆ ಹರಡಿದ್ದರು. ಮಳೆಯಲ್ಲಿ ನೆನೆದ ದಪ್ಪ ಬಟ್ಟೆಯ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಾಶಿಯ ಹನುಮಾನ್ ಘಾಟಿನ ನಮ್ಮ ಹಳೆಯ ಮನೆಯ ಮಹಡಿಯಲ್ಲಿದ್ದೆ. ಯಾಯೆಲ್‌ಳ ಚೀಲಕ್ಕೆ ಇದೇ ವಾಸನೆಯಿತ್ತು. ಸಂಸ್ಕೃತ ಕಲಿಯಲು ಇಸ್ರೇಲಿನಿಂದ ಬಂದು ನಮ್ಮಲ್ಲಿ ಕೋಣೆ ಹಿಡಿದಿದ್ದ ಹುಡುಗಿ ಅವಳು. ಅಪ್ಪ ದಕ್ಷಿಣದ ಯಾತ್ರಿಕರಿಗೆ ಪೌರೋಹಿತ್ಯ ಮಾಡುತ್ತಿದ್ದರು, ಬಂದವರು ಮೇಲಿನ ಕೋಣೆಗಳಲ್ಲಿ ಇಳಿದುಕೊಳ್ಳುತ್ತಿದ್ದರು. ನನಗಾಗ ಹತ್ತು ವರ್ಷ. ಅಮ್ಮನಿಲ್ಲದ ನನಗೆ ಅಜ್ಜಿಯೇ ಎಲ್ಲ.

ಕೊನೆಗಾಲ ಕಾಶಿಯಲ್ಲೇ ಕಳೆಯಬೇಕೆಂದು ಅಜ್ಜಿ ನಾನು ಹುಟ್ಟುವ ಮುಂಚೆಯೇ ಹಾಸನದ ಕಡೆಯಿಂದ ಬಂದಿದ್ದಳು. ಹಿಂದಿ ಮಾತ್ರ ಅವಳ ನಾಲಿಗೆಗೆ ಹತ್ತಲೇ ಇಲ್ಲ. ಯಾಯೆಲ್‌ಗೆ ಹಿಂದಿ ಬರುತ್ತಿತ್ತು, ಕನ್ನಡ ಬಾರದು. ನಡುವೆ ಕೂತು ಇಬ್ಬರ ಮಾತನ್ನೂ ದಾಟಿಸುವುದು ನನ್ನ ಕೆಲಸ. ಮೊದಮೊದಲು ಜಂಬವಿತ್ತು. ಬರಬರುತ್ತ ಕಾವಲಿಯ ಮೊದಲ ದೋಸೆ ಯಾಯೆಲ್ ತಟ್ಟೆಗೆ ಬೀಳತೊಡಗಿತು. ನನಗೆ ಜಡೆ ಹಾಕುವ ಹೊತ್ತಿನಲ್ಲಿ ಅಜ್ಜಿ ಅವಳ ಕೆಂಚು ಕೂದಲಿಗೆ ಎಣ್ಣೆ ತಿಕ್ಕುತ್ತಿದ್ದಳು. ನನ್ನ ಹೊಟ್ಟೆ ಉರಿದುಹೋಗುತ್ತಿತ್ತು.

ಒಂದು ಸಂಜೆ ಯಾಯೆಲ್ ತನ್ನ ಧರ್ಮಗ್ರಂಥದ ಹೀಬ್ರೂ ಪದವೊಂದನ್ನು ಹೇಳಿದಳು: ‘ಮಹನೆ’. ನಡುವಿನ ಹಕಾರವನ್ನು ಗಂಟಲಿನಾಳದಿಂದ ತೆಗೆದಳು.

“ಅಯ್ಯೋ, ಮನೆ ಅಂದ್ಲಲ್ಲೇ!” ಅಂದಳು ಅಜ್ಜಿ.

ಮನೆಯಲ್ಲ, ಬಿಡಾರ, ಎಂದು ನಾನು ದಾಟಿಸಿದೆ. ಯಾಯೆಲ್‌ಳ ಹಿರೀಕರು ನಲವತ್ತು ವರ್ಷ ಮರಳುಗಾಡಿನಲ್ಲಿ ಅಲೆದರಂತೆ. ದೇವರ ಮೋಡ ನಿಂತಲ್ಲಿ ಡೇರೆ ಹೂಡುವುದು, ಮೋಡ ಎದ್ದರೆ ಕಿತ್ತುಕೊಂಡು ಹೊರಡುವುದು. ಎಷ್ಟು ದಿನ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಆ ಪದದ ಧಾತುವಿಗೆ ಬಾಗುವುದು, ಇಳಿಯುವುದು ಎಂಬ ಅರ್ಥವೂ ಇದೆಯಂತೆ. ಹೊತ್ತು ಇಳಿಯುವುದಕ್ಕೂ ಅದೇ ಮಾತಂತೆ.

ಅಜ್ಜಿ ಗಂಗೆಯ ಕಡೆ ನೋಡುತ್ತ ನನಗೆ ಹೇಳಿದಳು, “ನಾನೂ ಬಿಡಾರದೋಳೇ ಕಣೇ. ಮೋಡ ಏಳ್ಲಿ ಅಂತ ಕಾಯ್ತಿದೀನಿ. ನನ್ನ ಮನಸ್ಸಲ್ಲಿದ್ದಿದ್ದಕ್ಕೆ ನೀನೊಂದು ಪದ ಕೊಟ್ಟೆ ತಾಯಿ ಅಂತ ಅವಳಿಗೆ ಹೇಳು.”

ಹುಟ್ಟಿದಂದಿನಿಂದ ಅವಳ ಮಗ್ಗುಲಲ್ಲೇ ಬೆಳೆದ ನನಗೆ ಆ ಮನಸ್ಸು ಗೊತ್ತೇ ಇರಲಿಲ್ಲ. ನಾನು ಯಾಯೆಲ್ ಕಡೆ ತಿರುಗಿದೆ. “ದೀದೀ, ಅಜ್ಜಿ ಬೋಲ್ ರಹೀ ಹೈಂ, ಕಮ್ರಾ ಖಾಲೀ ಕರ್ನಾ ಹೋಗಾ.” ಯಾತ್ರಿಕರು ಬರುತ್ತಾರಂತೆ, ಕೋಣೆ ಬಿಡಬೇಕಂತೆ, ಎಂದುಬಿಟ್ಟೆ.

ಯಾಯೆಲ್ ನಂಬಲಾರದೆ ಅಜ್ಜಿಯ ಮುಖ ನೋಡಿದಳು. ತನ್ನ ಮಾತು ತಲುಪಿತೆಂದುಕೊಂಡ ಅಜ್ಜಿ, ಕಣ್ಣಲ್ಲಿ ನೀರು ತುಂಬಿಕೊಂಡು, ಹೌದೆಂದು ತಲೆಯಾಡಿಸಿದಳು.

ಮಾರನೆಯ ಬೆಳಿಗ್ಗೆಯೇ ಅವಳು ಅಜ್ಜಿಯ ಕಾಲು ಮುಟ್ಟಿ ಹೊರಟುಹೋದಳು. “ಇದ್ದಕ್ಕಿದ್ದಂಗೆ ಯಾಕೇ ಹೊರಟ್ಲು?” ಅಜ್ಜಿ ಕೇಳಿದಳು. “ಅವಳ ಮೋಡ ಎದ್ದಿತಂತೆ” ಅಂದೆ. ಅಜ್ಜಿ ನಂಬಿದಳು.

ಆ ಮನೆ ಕೈಬಿಟ್ಟುಹೋಗಿ ಎಷ್ಟೋ ವರ್ಷವಾಯಿತು. ಹಾಗೆ ಒಂದು ಮನೆಯನ್ನು ಕಳೆದುಕೊಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ನಾವಿದ್ದ ಕೊನೆಯ ಚಳಿಗಾಲದಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಹಗಲಿರುಳು ನಾನೇ ನೋಡಿಕೊಂಡೆ. ಒಂದು ಮಧ್ಯಾಹ್ನ ನನ್ನ ಕೈಹಿಡಿದು ಕೇಳಿದಳು, “ಯಾಯೆಲ್, ಬಂದ್ಯಾ?”

ಇದು ನಾನು, ಅಜ್ಜೀ, ನಾನು, ಎಂದು ಕೂಗಬೇಕೆನ್ನಿಸಿತು. “ಹಾಂ ಅಮ್ಮಾ, ಆ ಗಯೀ” ಎಂದೆ, ಯಾಯೆಲ್‌ಳಂತೆ ಹಿಂದಿಯಲ್ಲೇ, ಹೌದು, ಬಂದೆ ಎಂದು. ಅವಳು ಸಮಾಧಾನದಿಂದ ಕಣ್ಣುಮುಚ್ಚಿದಳು. ಆಮೇಲೆ ಮಾತಾಡಲಿಲ್ಲ. ಅವಳ ಬಾಯಿಂದ ಕಡೆಯದಾಗಿ ಬಂದ ಹೆಸರು ನನ್ನದಲ್ಲ. ಅದನ್ನು ಇವತ್ತಿಗೂ ನಾನು ಸಹಿಸಲಾರೆ.