ಲ್ಯಾಮಿನೇಶನ್ ಆದ ಚರ್ಚು

ನಮ್ಮ ಮನೆಯಲ್ಲಿ ಬೆಲೆಯುಳ್ಳ ಕಾಗದವೆಂದರೆ ಅದಕ್ಕೆ ಲ್ಯಾಮಿನೇಶನ್ ಆಗಲೇಬೇಕು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಗಂಡನ ಡಿಗ್ರಿ, ಮಗಳ ಈಜಿನ ಸರ್ಟಿಫಿಕೇಟು, ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ ಭದ್ರ. ಮೈಸೂರು ಬಿಟ್ಟು ನೈರೋಬಿಯಲ್ಲಿ ಇಪ್ಪತ್ತು ವರ್ಷ ಗಣಿತ ಪಾಠ ಮಾಡಿದರೂ ಈ ಬುದ್ಧಿ ಹೋಗಲಿಲ್ಲ.

ನಮ್ಮ ಸ್ಕೂಲಿನಲ್ಲೇ ಸಂಗೀತ ಕಲಿಸುತ್ತಿದ್ದ ಡಚ್ ಟೀಚರೊಬ್ಬಳು ಸಿರಿವಂತರ ಬಡಾವಣೆಯಾದ ರುಂಡಾದಲ್ಲಿದ್ದಳು. ಈ ಊರಿನಲ್ಲಿ ನಾನು ಗೆಳತಿ ಎಂದದ್ದು ಅವಳೊಬ್ಬಳನ್ನೇ. ಇಬ್ಬರೂ ನಿವೃತ್ತರಾದ ಮೇಲೂ ಪ್ರತಿ ಗುರುವಾರ ಅವಳ ಮನೆಯಲ್ಲಿ ಟೀ. ಅಲ್ಲಿ ಗೋಡೆಯ ಮೇಲೆ ಅವಳ ಊರಿನ ಚರ್ಚಿನ ಚಿತ್ರವಿತ್ತು. ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಅಚ್ಚೊತ್ತಿದ್ದು, ಅವಳ ಅಜ್ಜನ ಅಜ್ಜನಿಗಿಂತ ಹಳೆಯದು. ಒಮ್ಮೆ ಫ್ರೇಮು ಬಿಚ್ಚಿ, ನನ್ನ ಬೆರಳು ಹಿಡಿದು ಗೋಪುರದ ಗೆರೆಗಳ ಮೇಲೆ ಓಡಿಸಿದ್ದಳು. ಶಾಯಿ ಸಣ್ಣಗೆ ಉಬ್ಬಿಕೊಂಡಿತ್ತು.

ಕಳೆದ ವರ್ಷ ಮೊಣಕಾಲಿನ ಆಪರೇಷನ್ನಿಗೆ ಊರಿಗೆ ಹೊರಟವಳು, ಮನೆಗೆ ಬಣ್ಣ ಹೊಡೆಸುವುದಿದೆ ಎಂದು ಚಿತ್ರವನ್ನು ಫ್ರೇಮಿನಿಂದ ತೆಗೆದು ನನ್ನ ಕೈಗಿಟ್ಟಳು. "ನಿನ್ನ ಹತ್ತಿರ ಇದ್ದರೆ ನನಗೆ ನೆಮ್ಮದಿ," ಅಂದಳು.

ಏಪ್ರಿಲ್ ಮಳೆ ಹಿಡಿಯಿತು. ಸೌತ್ ಸಿ ಬಡಾವಣೆಯ ನಮ್ಮ ಫ್ಲ್ಯಾಟಿನ ಬೀರುವಿನಲ್ಲಿ ಸೀರೆಗಳಿಗೇ ಬೂಷ್ಟು ಬಂತು. ಚಿತ್ರದ ಮೂಲೆಯಲ್ಲೊಂದು ಕಂದು ಚುಕ್ಕೆ ಕಂಡು ನನ್ನ ಜೀವವೇ ಹೋಯಿತು. ಮರುದಿನವೇ ಜೆರಾಕ್ಸ್ ಅಂಗಡಿಗೆ ಒಯ್ದು, ದಪ್ಪನೆಯ ಪ್ಲಾಸ್ಟಿಕ್ಕನ್ನೇ ಹಾಕಿಸಿದೆ. ಬಿಸಿಬಿಸಿಯಾಗಿ ಹೊರಬಂದ ಚರ್ಚು ಫಳಫಳ ಅನ್ನುತ್ತಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೇನೆಂದು ಗೊತ್ತಾಗಲಿಲ್ಲ.

ಅವಳು ವಾಪಸು ಬಂದ ಮೇಲಿನ ಮೊದಲ ಗುರುವಾರ ಹೆಮ್ಮೆಯಿಂದಲೇ ಕೊಟ್ಟೆ. ಸವರಿದಳು. ಬೆರಳು ಜಾರಿತು.

"ಇದನ್ನು ಬಿಚ್ಚೋಕಾಗುತ್ತಾ?"

"ಯಾಕೆ ಬಿಚ್ಚಬೇಕು? ಇನ್ನು ನೂರು ವರ್ಷ ಏನೂ ಆಗಲ್ಲ," ಅಂದೆ.

"ಪರವಾಗಿಲ್ಲ," ಅಂದಳು. ಆಮೇಲೆ ಟೀಗೆ ಇನ್ನೊಂದು ಚಮಚ ಸಕ್ಕರೆ ಬೇಕೇ ಎಂದು ಕೇಳಿದಳು. ನನಗೆ ಸಕ್ಕರೆ ಕಾಯಿಲೆಯೆಂದು ಅವಳಿಗೆ ಚೆನ್ನಾಗಿ ಗೊತ್ತು.

ಮನೆಗೆ ಬಂದು ಹೇಳಿದರೆ ಮಗಳು ಹಣೆ ಚಚ್ಚಿಕೊಂಡಳು. "ಅಮ್ಮಾ, ಯು ಕುಕ್ಡ್ ಇಟ್!" ಬಿಚ್ಚಲು ಹೋದರೆ ಶಾಯಿ ಪ್ಲಾಸ್ಟಿಕ್ಕಿನ ಜೊತೆಗೇ ಕಿತ್ತು ಬರುತ್ತದೆಂದು ಫೋನಿನಲ್ಲಿ ತೋರಿಸಿದಳು. ತಕ್ಷಣ ಫೋನ್ ಮಾಡಿದೆ; ಅವಳು ಎತ್ತಲಿಲ್ಲ.

ಮುಂದಿನ ಗುರುವಾರ ಅವಳಿಗೆ ತಲೆನೋವು. ಅದರ ಮುಂದಿನದಕ್ಕೆ ನೆಂಟರು. ಆಮೇಲೆ ಮೆಸೇಜೂ ಇಲ್ಲ. ನಮ್ಮ ಕಡೆಯ ಗೆಳತಿಯಾಗಿದ್ದರೆ ಬಾಯಿಗೆ ಬಂದಂತೆ ಬೈದು, ತಾನೂ ಅತ್ತು, ಕೊನೆಗೆ ತಟ್ಟೆ ಹಾಕಿ ಬಡಿಸುತ್ತಿದ್ದಳು. ಬೈದಿದ್ದರೆ ಕಾಲಾದರೂ ಹಿಡಿಯುತ್ತಿದ್ದೆ. ಅವಳ ಸಭ್ಯತೆಗಿಷ್ಟು ಬೆಂಕಿ ಬೀಳ!

ಕೊನೆಗೆ ಒಂದು ಗುರುವಾರ ಕರೆಯದೆಯೇ ಹೋದೆ. ದೂರದಿಂದಲೇ ನನ್ನನ್ನು ಕಂಡು ಗೇಟು ತೆಗೆಯುತ್ತಿದ್ದ ಕಾವಲುಗಾರ ಅವತ್ತು ಕಿಂಡಿ ಮಾತ್ರ ತೆರೆದ. "ಪೋಲೆ, ಮಾಮಾ," ಎಂದು ಸ್ವಾಹಿಲಿಯಲ್ಲಿ ಕ್ಷಮೆ ಕೇಳಿದ; ಮಾಮಾ ಅಂದರೆ ಅವರಲ್ಲಿ ಅಮ್ಮ. "ಮೇಡಂ ಇಲ್ಲ."

ಒಳಗಿಂದ ಅವಳು ನಾಯಿಯನ್ನು ಗದರಿಸುವುದು ಕೇಳುತ್ತಿತ್ತು. ನಾಯಿಗಾದರೂ ಬೈಗುಳ ಸಿಕ್ಕಿತು.

"ಯಾವಾಗ ಬರ್ತಾರೆ?" ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. "ನೀವು ಯಾವಾಗ ಬಂದರೂ ಇಲ್ಲ ಅನ್ನಬೇಕಂತೆ, ಮಾಮಾ."