ಘಾತ ಕಳೆಯುವ ಲೆಕ್ಕ

ಕೊಪ್ಪದಲ್ಲಿ ಇವತ್ತು ಕಬ್ಬಿನಹಾಲಿನ ಮಿಷನ್ನಿಗೆ ಕೊಡುತ್ತಿದ್ದ ಜಲ್ಲೆಯೊಂದು ನನ್ನ ಕೈಯಲ್ಲೇ ಚಟ್ಟನೆ ಮುರಿಯಿತು. ಬೆನ್ನು ತಾನಾಗಿ ಬಿಗಿಯಿತು.

ನಮ್ಮ ಶಾಲೆಯಲ್ಲಿ ಏಟು ತಿನ್ನುವವನೇ ಗದ್ದೆಯಿಂದ ಜಲ್ಲೆ ತರಬೇಕಿತ್ತು. ಒಂದು ದಿನ ಗಣಿತದ ಮೇಷ್ಟ್ರು ಸೂರ್ಯನ ದೂರವನ್ನು ಬೆಳಕಿನ ವೇಗದಿಂದ ಭಾಗಿಸುತ್ತ, ಮೇಲಿನ ಹತ್ತರ ಘಾತ ಎಂಟರಲ್ಲಿ ಕೆಳಗಿನ ಘಾತ ಐದನ್ನು ಕಳೆದರು.

“ಅರ್ಥ ಆಯ್ತೇನ್ಲಾ?”

“ಇಲ್ಲ ಸಾ. ಭಾಗಾಕಾರ ಅಂದ್ಮೇಲೆ ಯಾಕ್ ಕಳೀತೀರಿ?”

ನನ್ನನ್ನು ಗದ್ದೆಗೆ ಅಟ್ಟಿದರು; ನಾನೇ ತಂದ ಜಲ್ಲೆ ಬೆನ್ನಿಗೆ ಬಿತ್ತು. ಪಕ್ಕದ ಗೆಳೆಯ ಪಿಸುಗುಟ್ಟಿದ: “ಆಯ್ತು ಅನ್ಲಾ, ಬುಟ್ಬುಡ್ತಾರೆ.”

“ಈಗ ಆಯ್ತಾ?” ಮೇಷ್ಟ್ರು ಕೇಳಿದರು.

“ಇಲ್ಲ ಸಾ.”

ಮುಂದಿನ ಏಟಿಗೆ ಕಿವಿ ಹರಿದು ರಕ್ತ ಅಂಗಿಗಿಳಿಯಿತು. ಕೊನೆಗೆ ಜಲ್ಲೆಯೇ ಮುರಿದು, ಅದರ ರಸ ನನ್ನ ತುಟಿಗೆ ಸಿಡಿಯಿತು. ಸಿಹಿಯಾಗಿತ್ತು.

“ನಾಳೀಕೆ ಗಟ್ಟಿ ಜಲ್ಲೆ ತಗಂಬಾ” ಎಂದರು. ನಾನು ಮತ್ತೆ ಶಾಲೆಗೆ ಹೋಗಲಿಲ್ಲ.

ಈಗ ಕೈಯಲ್ಲಿ ಉಳಿದ ಮುರಿದ ತುಂಡನ್ನೂ ಮಿಷನ್ನಿಗೆ ಕೊಟ್ಟೆ. ಆ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.