ಸೇಬಿನ ರಸದಲ್ಲಿ ಎರಡನೇ ಗುಡ್ಡ

ಆಹಾರ ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಗಾಜಕ್ಕ ಎಂದೇ ಕರೆಯುತ್ತಿದ್ದರು. ಸೇರಿದ್ದು ಗಾಜಿನ ಸೀಸೆ ತೊಳೆಯುವ ಕೆಲಸಕ್ಕೆ. ಒಂಬತ್ತು ವರ್ಷ ಬೆರಳು ಸುಕ್ಕಾಗುವಷ್ಟು ತೊಳೆದಳು. ಆಮೇಲೊಂದು ದಿನ ಅಲ್ಲಿನ ಹಿರಿಯ ಪರೀಕ್ಷಕಿ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಅವಳನ್ನು ಕರೆದು ಯಂತ್ರದ ಮುಂದೆ ಕೂರಿಸಿದರು.

"ತೊಳೆಯೋಕೆ ಬಂದೋಳು ಕಲೀಬಾರದು ಅಂತ ಯಾರೂ ಬರೆದಿಟ್ಟಿಲ್ಲ," ಅಂದರು.

ಆ ಯಂತ್ರ ಹಣ್ಣಿನ ರಸವನ್ನು ದ್ರಾವಣದ ಜೊತೆ ಸಣ್ಣ ಕೊಳವೆಯಲ್ಲಿ ಹಾಯಿಸುತ್ತದೆ. ರಸದಲ್ಲಿರುವ ಒಂದೊಂದು ವಸ್ತುವೂ ಒಂದೊಂದು ಹೊತ್ತಿಗೆ ಹೊರಬಂದು, ಪರದೆಯ ಗೆರೆಯ ಮೇಲೆ ಗುಡ್ಡದಂತೆ ಏಳುತ್ತದೆ. ಯಾವ ಗುಡ್ಡ ಕಾಯಿಸಿದ ಸಕ್ಕರೆಯದು, ಯಾವುದು ಕೊಳೆತ ಸೇಬಿನ ಬೂಷ್ಟು ಬಿಟ್ಟ ವಿಷದ್ದು ಎಂಬುದನ್ನು ಮೇಡಂ ಮೂರು ವರ್ಷ ಬೇಸರಿಸದೆ ಹೇಳಿಕೊಟ್ಟರು.

ಮೇಡಂ ನಿವೃತ್ತರಾದ ವರ್ಷವೇ, ಮಕ್ಕಳಿಗೆಂದು ತಯಾರಿಸಿದ ಸೇಬಿನ ರಸ ಪರೀಕ್ಷೆಗೆ ಬಂತು. ಗೆರೆಯ ಮೇಲೆ ಒಂದೇ ಗುಡ್ಡ. ಆದರೆ ಅದರ ಒಂದು ಹೆಗಲು ಯಾಕೋ ಊದಿಕೊಂಡಿತ್ತು.

"ರಸ ಕಾಯಿಸಿದ್ದಾರಲ್ಲ, ಅದರದ್ದೇ. ಸಹಿ ಹಾಕಿ ಕಳಿಸೋಣ," ಎಂದ ಜೊತೆಯ ಪರೀಕ್ಷಕ.

"ಇನ್ನೊಂದ್ಸಲ ನಿಧಾನಕ್ಕೆ ಓಡಿಸ್ತೀನಿ ಅಣ್ಣ, ಎರಡು ಸೇರ್ಕೊಂಡಿದ್ರೆ ಬೇರೆಯಾಗುತ್ತೆ. ಮನಸ್ಸು ಒಪ್ತಿಲ್ಲ."

"ಊಟದ ಹೊತ್ತಲ್ವಾ ಗಾಜಕ್ಕ?"

"ನೀವು ಹೊಟ್ಟೆ ತುಂಬಿಸ್ಕೊಂಡು ಬನ್ನಿ. ಯಂತ್ರಕ್ಕೇನು ಹಸಿವಾ?"

ಅವನು ಹಲ್ಲುಕಡ್ಡಿ ಕಚ್ಚಿಕೊಂಡು ವಾಪಸು ಬರುವಷ್ಟರಲ್ಲಿ ಗುಡ್ಡ ಎರಡಾಗಿ ಒಡೆದಿತ್ತು. ಎರಡನೆಯದು ಬೂಷ್ಟಿನ ವಿಷದ ಜಾಗದಲ್ಲೇ ನಿಂತಿತ್ತು. ಲೆಕ್ಕ ಹಾಕಿದರೆ ಮಿತಿಗಿಂತ ದುಪ್ಪಟ್ಟು. ಅವನು ಕಡ್ಡಿ ಬಿಸಾಕಿ, ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ಇಬ್ಬರೂ ಸೇರಿ ಮತ್ತೆರಡು ಸಲ ನೋಡಿದರು. ಉತ್ತರ ಬದಲಾಗಲಿಲ್ಲ.

ರಸ ಅಂಗಡಿಗೆ ಹೋಗಲಿಲ್ಲ. ವಾರದ ನಂತರ ಆ ರಸದ ಕಾರ್ಖಾನೆಯ ಮೇಲ್ವಿಚಾರಕ ತನ್ನನ್ನೇ ಹುಡುಕಿಕೊಂಡು ಬಂದಾಗ ಗಾಜಕ್ಕ ಕುರ್ಚಿ ಬಿಟ್ಟು ಎದ್ದಳು. ಜಗಳಕ್ಕೇ ಬಂದಿರಬೇಕು ಅಂದುಕೊಂಡಳು.

"ಹೊರಗೆ ಚೆನ್ನಾಗಿದ್ದು ಒಳಗೆ ಕೊಳೆತ ಹಣ್ಣು ಸೇರ್ಕೊಂಡಿತ್ತಮ್ಮ. ಈಗ ಪ್ರತಿ ಬುಟ್ಟಿಯಿಂದಲೂ ಹಣ್ಣು ತೆಗೆದು ಕೊಯ್ದು ನೋಡ್ತೀವಿ," ಎಂದ ಅವನು. "ನನ್ನ ಮಗಳೂ ಇದನ್ನೇ ಕುಡಿಯೋದು." ಕೈಮುಗಿದು ಹೊರಟ.

ಆ ಸಂಜೆ ಗಾಜಕ್ಕ ನೇರ ಮೇಡಂ ಮನೆಗೆ ಹೋಗಿ, ಗೆರೆ ಮೂಡಿದ ಕಾಗದದ ಒಂದು ಪ್ರತಿಯನ್ನು ಅವರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದಳು.

"ನಿಮ್ಮಿಂದ ಆಗಿದ್ದು ಮೇಡಂ."

"ಕಣ್ಣು ನಿಂದು ಕಣೇ, ನನ್ನದೇನಿದೆ?"

"ನೋಡೋದು ಕಲಿಸಿದ್ದು ಯಾರು ಮತ್ತೆ?"

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಕಾಗದವನ್ನು ಹತ್ತಿರ ಹಿಡಿದು ಎರಡನೇ ಗುಡ್ಡದ ಮೇಲೆ ಬೆರಳಾಡಿಸಿದರು. ಹೊರಡುವಾಗ ಬಾಗಿಲ ತನಕ ಬಂದ ಮೇಡಂ, ಆ ಕಾಗದ ನನಗಿರಲಿ ಎಂದು ಕೇಳಿ ಇಸಿದುಕೊಂಡರು.